ನೀರುಗಂಟಿಯ ನ್ಯಾಯ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳ ನಡುವೆ ಬಾಳಿದವರಿಗೆ ಒಂದು ಸತ್ಯ ಚೆನ್ನಾಗಿ ತಿಳಿದಿರುತ್ತದೆ. ಈ ಸೀಮೆಯ ಸಮೃದ್ಧಿಗೂ ಜಗಳಕ್ಕೂ ಬೇರು ಒಂದೇ. ಅದು ನೀರು. ನೀರಿದ್ದ ವರ್ಷ ಅಟ್ಟದ ತುಂಬ ಕಾಯಿ, ಮನೆಯಲ್ಲಿ ಮದುವೆಯ ಮಾತು. ನೀರಿಲ್ಲದ ವರ್ಷ ಸುಳಿ ಒಣಗಿದ ಮರ, ಅಣ್ಣತಮ್ಮಂದಿರ ನಡುವೆ ಮುನಿಸು.

ಕೆಲವು ವರ್ಷಗಳ ಹಿಂದೆ, ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದ ಆಸುಪಾಸಿನಲ್ಲಿ, ಎರಡು ಕುಟುಂಬಗಳ ನಡುವೆ ಇಂಥದೇ ಜಗಳ ಹುಟ್ಟಿಕೊಂಡಿತು. ಕೆರೆಯ ತೂಬಿನಿಂದ ಬರುವ ಒಂದೇ ಕಾಲುವೆ; ಮೇಲೊಂದು ತೋಟ, ಕೆಳಗೊಂದು ತೋಟ. ಮೇಲಿನವರು ಕಾಲುವೆಗೆ ಅಡ್ಡಲಾಗಿ ಮಣ್ಣು ಹಾಕುತ್ತಾರೆ ಎಂಬುದು ಕೆಳಗಿನವರ ದೂರು. ಕೆಳಗಿನವರು ರಾತ್ರಿ ಬಂದು ಬದುವನ್ನೇ ಒಡೆಯುತ್ತಾರೆ ಎಂಬುದು ಮೇಲಿನವರ ದೂರು. ಪೊಲೀಸ್ ಠಾಣೆಯವರೆಗೆ ಹೋಗುವ ಮೊದಲು ಒಮ್ಮೆ ಮಾತನಾಡಿ ನೋಡಿರೆಂದು ಹಿರಿಯರು ನನ್ನನ್ನು ಕರೆದರು. ನಾನು ಮೊದಲು ಮೇಲಿನ ತೋಟಕ್ಕೆ ಹೋದೆ. ಅವರು ಆದರದಿಂದ ಕೂರಿಸಿ ಎಳನೀರು ಕೆತ್ತಿಕೊಟ್ಟರು. ತಮ್ಮ ಕಷ್ಟವನ್ನೆಲ್ಲ ವಿವರಿಸಿದರು. ಅವರ ಮಾತು ನನಗೆ ಸರಿಯೆಂದೇ ತೋರಿತು. ಅನಂತರ ಕೆಳಗಿನ ತೋಟಕ್ಕೆ ಇಳಿದು ಸಮಾಧಾನದ ನಾಲ್ಕು ಮಾತು ಆರಂಭಿಸುವಷ್ಟರಲ್ಲಿ ಅಲ್ಲಿನ ಹಿರಿಯರು ನನ್ನನ್ನು ತಡೆದು ಹೀಗೆಂದರು: “ಫಾದರ್, ತಾವು ಮೇಲಿನ ತೋಟದ ಎಳನೀರು ಕುಡಿದು ಬಂದಿದ್ದೀರಿ. ನಿಮಗೆ ಕೆತ್ತಿಕೊಡೋಣ ಅಂದರೆ ನಮ್ಮ ಮರಗಳಲ್ಲಿ ಈ ವರ್ಷ ಎಳನೀರೇ ಇಲ್ಲ.”

ನಾನು ತಲೆ ತಗ್ಗಿಸಿದೆ. ಅವರು ನನ್ನನ್ನು ನಿಂದಿಸಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ್ದರು. ಇಬ್ಬರ ನಡುವೆ ನಿಲ್ಲಬೇಕಾದವನು ಒಬ್ಬರ ಜಗಲಿಯ ಮೇಲೆ ಕುಳಿತು ತೀರ್ಮಾನ ಮಾಡಿಬಿಟ್ಟಿದ್ದೆ.

ನಮ್ಮ ಹಳೆಯ ಊರುಗಳಲ್ಲಿ ಈ ಕೆಲಸಕ್ಕೆಂದೇ ಒಬ್ಬನಿರುತ್ತಿದ್ದನು. ಅವನನ್ನು ನೀರುಗಂಟಿ ಎನ್ನುತ್ತಿದ್ದರು. ಕೆರೆಯ ತೂಬು ಎತ್ತುವವನೂ ಇಳಿಸುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವವನೂ ಅವನೇ. ಅವನು ಊರಿನ ಗೌಡನಲ್ಲ, ಶಾನುಭೋಗನಲ್ಲ. ಆದರೂ ಅವನ ಮಾತಿಗೆ ಬೆಲೆಯಿತ್ತು. ಏಕೆಂದರೆ ಕಾಲುವೆಯ ತಲೆಯಿಂದ ಬಾಲದವರೆಗೆ ನಡೆದು ನೋಡಿದವನು ಅವನೊಬ್ಬನೇ. ಆ ಸಂಜೆ ನೀರುಗಂಟಿಯನ್ನು ನೆನೆಯುತ್ತಾ ಹಿಂದಿರುಗುವಾಗ ನನ್ನ ಮನಸ್ಸಿಗೆ ಬಂದವರು ಬೆನಗಲ್ ನರಸಿಂಗ ರಾಯರು. ಪ್ರಾಂತ್ಯಗಳ ನಡುವೆ, ಪಕ್ಷಗಳ ನಡುವೆ, ಕೊನೆಗೆ ಯುದ್ಧನಿರತ ರಾಷ್ಟ್ರಗಳ ನಡುವೆ ನಿಂತು ನೀರುಗಂಟಿಯ ಕೆಲಸವನ್ನೇ ಮಾಡಿದ ನಮ್ಮ ಕರ್ನಾಟಕದ ಕರಾವಳಿಯ ಮಗ ಅವರು. ಅವರ ಹೆಸರನ್ನು ನಮ್ಮ ಮಕ್ಕಳು ಹೆಚ್ಚಾಗಿ ಕೇಳಿಲ್ಲ. ಆದುದರಿಂದ ಈ ತಿಂಗಳು ಅವರ ಬಾಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಮಂಗಳೂರಿನಿಂದ ಕೇಂಬ್ರಿಡ್ಜ್‌ಗೆ

ಬೆನಗಲ್ ನರಸಿಂಗ ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಸಾರಸ್ವತ ಮನೆತನವೊಂದರಲ್ಲಿ. ತಂದೆ ರಾಘವೇಂದ್ರ ರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದರಾಸು ಪ್ರಾಂತ್ಯಕ್ಕೆ ಮೊದಲಿಗರಾದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮುಗಿಸಿ, ವಿದ್ಯಾರ್ಥಿವೇತನ ಪಡೆದು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ತೆರಳಿದರು. ಅಲ್ಲಿ ಅವರು ಓದಿದ್ದು ಗಣಿತ. ಮುಂದೆ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಳ ಪ್ರಾಂತ್ಯದಲ್ಲಿ ಸೇವೆಗೆ ಸೇರಿದರು.

ಆ ಮನೆಯ ಮಕ್ಕಳೆಲ್ಲ ನಾಡಿಗೆ ಸಂದವರೇ. ತಮ್ಮಂದಿರಲ್ಲಿ ಒಬ್ಬರಾದ ಬೆನಗಲ್ ರಾಮ ರಾಯರು 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಇನ್ನೊಬ್ಬರಾದ ಬಿ. ಶಿವ ರಾಯರು ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. 1952ರ ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದರು.

ನರಸಿಂಗ ರಾಯರದು ಭಾಷಣ ಮಾಡುವ ಸ್ವಭಾವವಲ್ಲ. ಬಂಗಾಳ ಮತ್ತು ಅಸ್ಸಾಂಗಳ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ, ಕಾನೂನು ಕಾರ್ಯದರ್ಶಿಯಾಗಿ ವರ್ಷಾನುಗಟ್ಟಲೆ ಕಡತಗಳ ನಡುವೆ ದುಡಿದರು. 1935ರ ಭಾರತ ಸರ್ಕಾರ ಕಾಯಿದೆ ಬಂದಾಗ ದೇಶದ ಹಳೆಯ ಶಾಸನಗಳನ್ನೆಲ್ಲ ಅದಕ್ಕೆ ಅನುಗುಣವಾಗಿ ತಿದ್ದುವ ಹೊಣೆ ಅವರ ಪಾಲಿಗೆ ಬಂತು. ಆ ದಣಿವಿನ ಕೆಲಸವನ್ನು ಮುಗಿಸಿಕೊಟ್ಟ ಮೇಲೆ 1938ರಲ್ಲಿ ‘ಸರ್’ ಪದವಿ ಲಭಿಸಿತು. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1940ರಲ್ಲಿ ರೈಲ್ವೆ ಕಾರ್ಮಿಕರ ತುಟ್ಟಿಭತ್ಯೆಯ ಬೇಡಿಕೆಯನ್ನು ವಿಚಾರಿಸುವ ಕೆಲಸವೂ ಅವರಿಗೇ ಒಪ್ಪಿಸಲ್ಪಟ್ಟಿತು. ಎರಡು ಪಕ್ಷಗಳು ಎದುರುಬದುರಾಗಿ ನಿಂತಲ್ಲೆಲ್ಲ ಸರ್ಕಾರಕ್ಕೆ ನೆನಪಾಗುತ್ತಿದ್ದ ಹೆಸರು ಅವರದಾಯಿತು.

ಸಿಂಧೂ ನದಿಯ ದಡದಲ್ಲಿ

ನಮ್ಮ ತೆಂಗಿನ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದ ಘಟ್ಟ ಇದು. ಸಿಂಧೂ ನದಿಯೂ ಅದರ ಉಪನದಿಗಳೂ ಮೊದಲು ಪಂಜಾಬಿನಲ್ಲಿ ಹರಿದು ಅನಂತರ ಸಿಂಧ್ ಪ್ರಾಂತ್ಯಕ್ಕೆ ಇಳಿಯುತ್ತವೆ. ಪಂಜಾಬ್ ಸರ್ಕಾರ ಭಾಕ್ರಾ ಅಣೆಕಟ್ಟಿನ ಯೋಜನೆ ಕೈಗೆತ್ತಿಕೊಂಡಾಗ ಸಿಂಧ್‌ನ ರೈತರು ದಿಗಿಲುಗೊಂಡರು. ನದಿ ಉಬ್ಬಿದಾಗ ಮಾತ್ರ ನೀರು ಕಾಣುವ ಕಾಲುವೆಗಳು ಅವರವು. ಮೇಲೆ ನೀರು ತಡೆದರೆ ನದಿ ಉಬ್ಬುವುದೆಂತು? 1939ರಲ್ಲಿ ಸಿಂಧ್ ದೂರು ಕೊಟ್ಟಿತು. ಅದನ್ನು ವಿಚಾರಿಸಲು 1941ರಲ್ಲಿ ನೇಮಕವಾದ ಸಿಂಧೂ ಆಯೋಗಕ್ಕೆ ನರಸಿಂಗ ರಾಯರು ಅಧ್ಯಕ್ಷರು. ಜೊತೆಗೆ ಇಬ್ಬರು ಮುಖ್ಯ ಎಂಜಿನಿಯರುಗಳು.

ಪಂಜಾಬ್ ಮತ್ತು ಸಿಂಧ್ ಎರಡೂ ತಮ್ಮ ತಮ್ಮ ಹಕ್ಕನ್ನು ಮಂಡಿಸಿದವು. ನಮ್ಮ ನೆಲದಲ್ಲಿ ಹರಿಯುವ ನೀರು ನಮ್ಮದು ಎನ್ನುವುದು ಮೇಲಿನವರು ಹೂಡಬಹುದಾದ ವಾದ. ಅನಾದಿಯಿಂದ ನಮಗೆ ಹರಿದುಬಂದ ನೀರು ಒಂದು ಹನಿಯೂ ಕಡಿಮೆಯಾಗಕೂಡದು ಎನ್ನುವುದು ಕೆಳಗಿನವರು ಹೂಡಬಹುದಾದ ವಾದ. ಆಯೋಗವು 1942ರ ಜುಲೈನಲ್ಲಿ ಕೊಟ್ಟ ವರದಿ ಈ ಎರಡನ್ನೂ ಒಪ್ಪಲಿಲ್ಲ. ಹರಿಯುವ ನದಿ ಮೇಲಿನವನ ಸ್ವತ್ತೂ ಅಲ್ಲ, ಕೆಳಗಿನವನ ಸ್ವತ್ತೂ ಅಲ್ಲ. ಪ್ರತಿಯೊಬ್ಬರಿಗೂ ಅದರಲ್ಲಿ ನ್ಯಾಯೋಚಿತವಾದ ಪಾಲಿದೆ. ಎಲ್ಲಕ್ಕಿಂತ ಒಳ್ಳೆಯ ಪರಿಹಾರವೆಂದರೆ ಇಬ್ಬರೂ ಕುಳಿತು ಒಪ್ಪಂದ ಮಾಡಿಕೊಳ್ಳುವುದು. ಒಪ್ಪಂದ ಸಾಧ್ಯವಾಗದಿದ್ದಲ್ಲಿ ಮಾತ್ರ ಈ ನ್ಯಾಯೋಚಿತ ಹಂಚಿಕೆಯ ಸೂತ್ರ. ಒಣನಾಡುಗಳಲ್ಲಿ ಮೊದಲೇ ನೀರಾವರಿ ಮಾಡಿಕೊಂಡು ಬಂದವರ ಅಗತ್ಯಕ್ಕೆ ಸಾಮಾನ್ಯವಾಗಿ ಆದ್ಯತೆ ಇರಬೇಕು ಎಂದೂ ವರದಿ ಹೇಳಿತು. ಪಂಜಾಬಿನ ಯೋಜನೆಯಿಂದ ಸಿಂಧ್‌ಗೆ ನಿಜವಾಗಿಯೂ ಹಾನಿಯಾಗುವುದೆಂಬುದನ್ನು ಲೆಕ್ಕ ಹಾಕಿ ತೋರಿಸಿತು.

ಫಲವೇನಾಯಿತು? ವರದಿ ಎರಡು ಪ್ರಾಂತ್ಯಗಳಿಗೂ ಹಿಡಿಸಲಿಲ್ಲ. ಇಬ್ಬರೂ ಮೇಲ್ಮನವಿ ಸಲ್ಲಿಸಿದರು. ಅದು ಇತ್ಯರ್ಥವಾಗುವ ಮೊದಲೇ 1947ರಲ್ಲಿ ದೇಶವೇ ಇಬ್ಭಾಗವಾಯಿತು. 1948ರ ಏಪ್ರಿಲ್‌ನಲ್ಲಿ ಪೂರ್ವ ಪಂಜಾಬಿನಿಂದ ಪಾಕಿಸ್ತಾನದ ಕಾಲುವೆಗಳಿಗೆ ನೀರು ನಿಂತಿತು. ಮುಂದೆ 1960ರ ಸೆಪ್ಟೆಂಬರ್ 19ರಂದು ಸಿಂಧೂ ಜಲ ಒಪ್ಪಂದಕ್ಕೆ ಸಹಿ ಬಿದ್ದಿತು. ಹಲವು ಯುದ್ಧಗಳನ್ನು ದಾಟಿ ಬಾಳಿದ ಆ ಒಪ್ಪಂದವನ್ನು, ಪಹಲ್ಗಾಮ್‌ನಲ್ಲಿ ಅಮಾಯಕರ ಹತ್ಯೆ ನಡೆದ ಮೇಲೆ, 2025ರ ಏಪ್ರಿಲ್‌ನಲ್ಲಿ ಭಾರತ ತಡೆಹಿಡಿಯಿತು.

ಹಾಗಾದರೆ ರಾಯರ ಶ್ರಮ ವ್ಯರ್ಥವಾಯಿತೇ? ಖಂಡಿತ ಇಲ್ಲ. ಸಿಂಧೂ ಆಯೋಗದ ಸೂತ್ರ ಸ್ವತಂತ್ರ ಭಾರತದ ನದಿ ವಿವಾದಗಳಿಗೆ ದಾರಿದೀಪವಾಯಿತು. ನಮ್ಮ ಕಾವೇರಿಯನ್ನೇ ನೋಡಿ. 1892 ಮತ್ತು 1924ರಲ್ಲಿ ಮೈಸೂರು ಹಾಗೂ ಮದರಾಸುಗಳ ನಡುವೆ ಆದ ಒಪ್ಪಂದಗಳಿಂದ ಮೊದಲುಗೊಂಡು ನೂರಕ್ಕೂ ಹೆಚ್ಚು ವರ್ಷಗಳ ವ್ಯಾಜ್ಯದ ಬಳಿಕ 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಯಾವ ರಾಜ್ಯವೂ ನದಿಯ ಒಡೆಯನಲ್ಲ, ನೀರು ನ್ಯಾಯೋಚಿತವಾಗಿ ಹಂಚಿಕೆಯಾಗಬೇಕು ಎಂಬುದೇ ಆ ತೀರ್ಪಿನ ತಳಹದಿ. ಅದರಂತೆ ಕರ್ನಾಟಕದ ಪಾಲು 270 ಟಿಎಂಸಿಯಿಂದ 284.75 ಟಿಎಂಸಿಗೆ ಏರಿತು.

ಈ ಕಾವೇರಿಯ ಉಪನದಿಯೇ ನಮ್ಮ ಹೇಮಾವತಿ. ಗೊರೂರಿನ ಅಣೆಕಟ್ಟಿನಿಂದ ಹೊರಟ ನೀರು ಬಾಗೂರು–ನವಿಲೆ ಸುರಂಗದ ಮೂಲಕ ಹಾಸನ ಜಿಲ್ಲೆಯನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. ಹಾಸನದವರ ದೃಷ್ಟಿಯಲ್ಲಿ ನಾವು ಕೆಳಗಿನ ತೋಟದವರು. ಕುಣಿಗಲ್ಲಿನವರ ದೃಷ್ಟಿಯಲ್ಲಿ ನಾವೇ ಮೇಲಿನ ತೋಟದವರು! ನಾಲೆಯ ನೀರು ಮುಂದಿನ ತಾಲ್ಲೂಕುಗಳಿಗೆ ಹೇಗೆ ಹೋಗಬೇಕೆಂಬ ಬಗ್ಗೆ 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ನಡೆದ ದೊಡ್ಡ ಪ್ರತಿಭಟನೆ ನಿಮಗೆ ನೆನಪಿರಬಹುದು. ಯಾವ ಬೇಡಿಕೆ ಸರಿ ಎಂದು ಇಲ್ಲಿ ತೀರ್ಪು ಹೇಳಲು ನಾನು ಹೊರಟಿಲ್ಲ. ಎಳನೀರಿನ ಪ್ರಸಂಗವಾದ ಮೇಲೆ ನನಗೆ ಆ ಆತುರ ಉಳಿದಿಲ್ಲ. ಆದರೆ ಕೆಳಗಿನವರಾಗಿದ್ದಾಗ ನಾವು ಕೇಳುವ ನ್ಯಾಯವನ್ನು ಮೇಲಿನವರಾಗಿದ್ದಾಗ ನಾವು ಕೊಡುತ್ತೇವೆಯೇ ಎಂಬ ಪ್ರಶ್ನೆಯಿಂದ ನಾವ್ಯಾರೂ ತಪ್ಪಿಸಿಕೊಳ್ಳಲಾರೆವು.

ಮತವಿಲ್ಲದ ಸಲಹೆಗಾರ

1944ರಲ್ಲಿ ಸೇವೆಯಿಂದ ನಿವೃತ್ತರಾದ ರಾಯರು ಕೆಲಕಾಲ ಜಮ್ಮು–ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು. ಮಹಾರಾಜರೊಡನೆ ಹೊಂದಾಣಿಕೆಯಾಗದೆ 1945ರಲ್ಲಿ ಆ ಹುದ್ದೆಯನ್ನು ತೊರೆದರು. ಮರುವರ್ಷ ಅವರಿಗೆ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರ ಹೊಣೆ ದೊರೆಯಿತು.

ಈ ಹುದ್ದೆಯ ಸ್ವರೂಪವನ್ನು ನಾವು ಅರಿಯಬೇಕು. 1946ರ ಡಿಸೆಂಬರ್ 9ರಂದು ಸೇರಿದ ಆ ಸಭೆಯಲ್ಲಿ ದೇಶದ ಘಟಾನುಘಟಿಗಳೆಲ್ಲ ಇದ್ದರು. ರಾಯರು ಅದರ ಸದಸ್ಯರಾಗಿರಲಿಲ್ಲ. ಅವರು ಎದ್ದುನಿಂತು ಮಾತನಾಡುವಂತಿರಲಿಲ್ಲ, ಮತ ಹಾಕುವಂತಿರಲಿಲ್ಲ. ಅವರು ಮಾಡಬೇಕಾಗಿದ್ದುದು ಇಷ್ಟೇ: ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಓದಿ, ಅವುಗಳ ಸಾರವನ್ನು ಸದಸ್ಯರ ಕೈಗೆ ತಿಳಿಯಾಗಿ ಕೊಡುವುದು, ಅವರು ಕೇಳಿದ್ದಕ್ಕೆ ಉತ್ತರಿಸುವುದು, ಅವರು ತೀರ್ಮಾನಿಸಿದ್ದನ್ನು ಶಾಸನದ ಭಾಷೆಗೆ ಇಳಿಸುವುದು. 1947ರ ಮಾರ್ಚ್‌ನಲ್ಲಿ ಅವರು ಶಾಸಕರಿಗೆಲ್ಲ ಒಂದು ಪ್ರಶ್ನಾವಳಿಯನ್ನು ಕಳುಹಿಸಿದರು. ರಾಷ್ಟ್ರದ ಮುಖ್ಯಸ್ಥ ಯಾರಾಗಿರಬೇಕು, ಅವರನ್ನು ಹೇಗೆ ಆರಿಸಬೇಕು ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ತಮ್ಮ ಅಭಿಪ್ರಾಯವನ್ನು ಬರೆಯುವ ಮೊದಲು ಇತರರ ಅಭಿಪ್ರಾಯವನ್ನು ಕೇಳಿದವರು ಅವರು.

1947ರ ಅಕ್ಟೋಬರ್‌ನಲ್ಲಿ ಅವರ ಮೊದಲ ಕರಡು ಸಿದ್ಧವಾಯಿತು. ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಡಾ. ಬಿ.ಆರ್. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಪರಿಶೀಲಿಸಿ, ತಿದ್ದಿ, ಬೆಳೆಸಿ 315 ವಿಧಿಗಳ ಕರಡನ್ನು ರೂಪಿಸಿತು. ಸಭೆಯ ಚರ್ಚೆಗಳೆಲ್ಲ ಮುಗಿದು 1949ರ ನವೆಂಬರ್ 26ರಂದು ಅಂಗೀಕಾರವಾದಾಗ ವಿಧಿಗಳು 395 ಆಗಿದ್ದವು.

ಸಂವಿಧಾನವನ್ನು ಬರೆದವರು ಯಾರು ಎಂದು ಇಂದು ಕೆಲವರು ಒಬ್ಬರ ಎದುರು ಇನ್ನೊಬ್ಬರನ್ನು ನಿಲ್ಲಿಸಿ ವಾದಿಸುವುದುಂಟು. ಆ ಮಹನೀಯರಿಬ್ಬರೂ ಹಾಗೆ ವಾದಿಸಲಿಲ್ಲ ಎಂಬುದನ್ನು ನಾವು ಮರೆಯಬಾರದು. ನವೆಂಬರ್ 25ರಂದು ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್ ಅವರು, ತಮಗೆ ಸಲ್ಲಿಸಿದ ಶ್ರೇಯಸ್ಸಿನಲ್ಲಿ ಒಂದು ಪಾಲು ಮೊದಲ ಕರಡನ್ನು ಸಿದ್ಧಪಡಿಸಿದ ನರಸಿಂಗ ರಾಯರಿಗೂ, ಇನ್ನೊಂದು ಪಾಲು ಕರಡು ಸಮಿತಿಯ ಸದಸ್ಯರಿಗೂ, ಅದಕ್ಕಿಂತ ದೊಡ್ಡ ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರಿಗೂ ಸಲ್ಲಬೇಕೆಂದು ಮುಕ್ತ ಮನಸ್ಸಿನಿಂದ ನುಡಿದರು. ಆದರೆ ಆ ಕರಡನ್ನು ಶೋಷಿತರ ಆಸೆಗಳಿಗೆ ಉತ್ತರವಾಗುವಂತೆ ಕಟ್ಟಿ, ಒಂದೊಂದು ವಿಧಿಯನ್ನೂ ಸಭೆಯಲ್ಲಿ ಸಮರ್ಥಿಸಿ, ಟೀಕೆಗಳನ್ನು ಎದುರಿಸಿ ದಡ ಸೇರಿಸಿದವರು ಅಂಬೇಡ್ಕರರೇ. ಮರುದಿನ ಅಧ್ಯಕ್ಷ ಡಾ. ರಾಜೇಂದ್ರ ಪ್ರಸಾದರು ರಾಯರಿಗೆ ಕೃತಜ್ಞತೆ ಸಲ್ಲಿಸುತ್ತಾ, ಅವರು ಅಷ್ಟು ಕಾಲವೂ ಗೌರವ ಸೇವೆಯಾಗಿ, ಎಂದರೆ ವೇತನವಿಲ್ಲದೆ, ದುಡಿದುದನ್ನು ಸ್ಮರಿಸಿದರು.

ಅದೇ ಸಭೆಯಲ್ಲಿ ಮಂಗಳೂರಿನವರೇ ಆದ ಇನ್ನೊಬ್ಬರಿದ್ದರು: ಯೇಸುಸಭೆಯ ವಂದನೀಯ ಜೆರೋಮ್ ಡಿಸೋಜ ಅವರು. ಮದರಾಸು ಪ್ರಾಂತ್ಯದಿಂದ ಬಂದ ಸದಸ್ಯರಾಗಿ ಧಾರ್ಮಿಕ ಸ್ವಾತಂತ್ರ್ಯದ ಹಾಗೂ ಅಲ್ಪಸಂಖ್ಯಾತರ ಪ್ರಶ್ನೆಗಳನ್ನು ಸಮಾಧಾನದ ದನಿಯಲ್ಲಿ ಮಂಡಿಸಿದವರು ಅವರು. ಮುಂದೆ ವಿಶ್ವಸಂಸ್ಥೆಗೆ ತೆರಳಿದ ಭಾರತದ ನಿಯೋಗಗಳಲ್ಲಿ ಹಲವು ಬಾರಿ ಸ್ಥಾನ ಪಡೆದರು. ಒಬ್ಬರು ಮಾತನಾಡಿ, ಇನ್ನೊಬ್ಬರು ಮೌನವಾಗಿ, ಒಂದೇ ಊರಿನ ಇಬ್ಬರು ಒಂದೇ ಗ್ರಂಥಕ್ಕೆ ದುಡಿದುದು ನಮಗೆ ಹೆಮ್ಮೆಯ ಸಂಗತಿಯಲ್ಲವೇ?

ಒಂದು ಸಲಹೆಯ ಬೆಲೆ

ರಾಯರ ಸಲಹೆಗಳೆಲ್ಲ ಒಳಿತನ್ನೇ ತಂದವೆಂದು ಹೇಳಿದರೆ ಅದು ಇತಿಹಾಸವಾಗದು, ಹೊಗಳಿಕೆಯಾದೀತು. 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ಸಂವಿಧಾನತಜ್ಞರನ್ನು ಭೇಟಿಯಾದರು. ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯಯುತವೇ ಎಂದು ಪರೀಕ್ಷಿಸುವ ದೊಡ್ಡ ಅಧಿಕಾರ ಅಮೆರಿಕದ ನ್ಯಾಯಾಲಯಗಳಿಗಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರು, ಜನರು ಆರಿಸಿದ ಶಾಸನಸಭೆಯ ಮೇಲೆ ಕೆಲವೇ ನ್ಯಾಯಾಧೀಶರಿಗೆ ಅಂಥ ಅಧಿಕಾರ ಕೊಡುವುದು ಪ್ರಜಾತಂತ್ರಕ್ಕೆ ಒಪ್ಪದು, ನ್ಯಾಯಾಲಯಗಳಿಗೂ ಹೊರೆ ಎಂದು ರಾಯರಿಗೆ ಹೇಳಿದರು. ರೈತರಿಗೆ ಭೂಮಿ ಕೊಡುವಂಥ ಶಾಸನಗಳಿಗೆ ನ್ಯಾಯಾಲಯಗಳು ಅಡ್ಡಿಯಾದಾವೆಂಬ ಚಿಂತೆ ರಾಯರಿಗೆ ಮೊದಲೇ ಇತ್ತು. ಕರಡು ಸಮಿತಿಯೂ ಅದೇ ಹಾದಿ ಹಿಡಿಯಿತು. ಹೀಗೆ ನಮ್ಮ 21ನೆಯ ವಿಧಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮವಿದ್ದರೆ ಸಾಕು ಎಂಬರ್ಥದ ಮಾತುಗಳು ಉಳಿದವು.

ಅದರ ಬೆಲೆಯನ್ನು ತೆತ್ತವರು ಸೆರೆಮನೆಯಲ್ಲಿದ್ದವರು. 1950ರಲ್ಲಿ ಎ.ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಮಾತುಗಳನ್ನು ಅಕ್ಷರಶಃ ಓದಿತು; ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟ ವ್ಯಕ್ತಿಗೆ ಆ ವಿಧಿಯಿಂದ ರಕ್ಷಣೆ ದೊರೆಯಲಿಲ್ಲ. ಕಾನೂನಿನ ಕ್ರಮ ನ್ಯಾಯಸಮ್ಮತವೂ ಸಮಂಜಸವೂ ಆಗಿರಲೇಬೇಕು ಎಂದು ಅದೇ ನ್ಯಾಯಾಲಯ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಸಾರಿದ್ದು 1978ರಲ್ಲಿ, ತುರ್ತು ಪರಿಸ್ಥಿತಿಯ ಕಹಿಯನ್ನು ಉಂಡ ಮೇಲೆ. ಸದುದ್ದೇಶದ ಸಲಹೆಯೂ ಕೆಳಗಿನ ತೋಟದಲ್ಲಿ ಯಾರಿಗೋ ನೀರು ತಪ್ಪಿಸಬಲ್ಲದು. ಸಲಹೆ ಕೊಡುವ ಸ್ಥಾನದಲ್ಲಿರುವ ಗುರುಗಳು, ಶಿಕ್ಷಕರು, ಅಧಿಕಾರಿಗಳು, ತಂದೆತಾಯಂದಿರು ಎಲ್ಲರೂ ಇದನ್ನು ಮನಗಾಣಬೇಕಾಗಿದೆ.

ಕೊರಿಯಾದ ಬೆಂಕಿ

ಸಂವಿಧಾನದ ಕೆಲಸ ಮುಗಿಯುತ್ತಿದ್ದಂತೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಖಾಯಂ ಪ್ರತಿನಿಧಿಯಾದರು. 1950ರಲ್ಲಿ ಭಾರತಕ್ಕೆ ಭದ್ರತಾ ಮಂಡಳಿಯಲ್ಲಿ ಸ್ಥಾನ ದೊರೆಯಿತು. ಸದಸ್ಯ ರಾಷ್ಟ್ರಗಳು ತಿಂಗಳಿಗೊಬ್ಬರಂತೆ ಮಂಡಳಿಯ ಅಧ್ಯಕ್ಷತೆ ವಹಿಸುವುದು ಪದ್ಧತಿ. ಆ ವರ್ಷದ ಜೂನ್ ಭಾರತದ ಸರದಿ. ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣ ಕೊರಿಯಾದ ಮೇಲೆ ಬಿದ್ದಿತು. ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷಗಳೂ ತುಂಬಿರಲಿಲ್ಲ. ಮೂರನೆಯದು ಆರಂಭವಾಯಿತೆಂದು ಲೋಕ ನಡುಗಿತು. ಅಂದು ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನ ನರಸಿಂಗ ರಾಯರು.

ಯುದ್ಧ ನಿಲ್ಲಿಸಿ ಹಿಂದೆ ಸರಿಯಬೇಕೆಂದು ಉತ್ತರ ಕೊರಿಯಾವನ್ನು ಆಗ್ರಹಿಸಿದ ಮೊದಲ ನಿರ್ಣಯಕ್ಕೆ ಭಾರತ ಮತ ನೀಡಿತು. ದಕ್ಷಿಣಕ್ಕೆ ನೆರವು ನೀಡುವ ಎರಡನೆಯ ನಿರ್ಣಯ ಜೂನ್ 27ರಂದು ಬಂದಾಗ ದೆಹಲಿಯಿಂದ ಸೂಚನೆ ತಲುಪದ ಕಾರಣ ರಾಯರು ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಎರಡು ದಿನಗಳ ಬಳಿಕ ಭಾರತ ಅದನ್ನು ಒಪ್ಪಿತು. ಆದರೆ ಭಾರತ ಹೋರಾಡುವ ಸೈನ್ಯವನ್ನು ಕಳುಹಿಸಲಿಲ್ಲ. ಗಾಯಾಳುಗಳ ಆರೈಕೆಗೆ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಪಡೆಯನ್ನು ಕಳುಹಿಸಿತು.

ವಿಶ್ವಸಂಸ್ಥೆಯ ಪಡೆಗಳು ಉತ್ತರಕ್ಕೆ ನುಗ್ಗಿದವು. ಚೀನಾ ಯುದ್ಧಕ್ಕೆ ಇಳಿಯಿತು. ಡಿಸೆಂಬರ್ 14ರಂದು ಸಾಮಾನ್ಯ ಸಭೆ ಕದನವಿರಾಮದ ದಾರಿ ಹುಡುಕಲು ಮೂವರ ಸಮಿತಿಯನ್ನು ರಚಿಸಿತು. ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ನರಸಿಂಗ ರಾವ್. ಆ ಚಳಿಗಾಲದಲ್ಲಿ ಅವರು ಎರಡೂ ಕಡೆಯ ಬಾಗಿಲುಗಳನ್ನು ತಟ್ಟಿದರು. ಚೀನಾ ಒಪ್ಪಲಿಲ್ಲ. 1951ರ ಜನವರಿಯಲ್ಲಿ ಐದು ಸೂತ್ರಗಳನ್ನು ಮುಂದಿಟ್ಟರು. ಅವನ್ನೂ ಚೀನಾ ತಿರಸ್ಕರಿಸಿತು. ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ನಿರ್ಣಯ ಬಂದಾಗ ಅದು ಮಾತುಕತೆಯ ಬಾಗಿಲನ್ನು ಮುಚ್ಚೀತೆಂದು ಭಾರತ ಅದರ ವಿರುದ್ಧ ಮತ ನೀಡಿತು. ಅಮೆರಿಕದಲ್ಲಿ ಅನೇಕರು ಭಾರತದ ಮೇಲೆ ಮುನಿದರು. ಚೀನಾಕ್ಕೂ ಭಾರತದ ಮಧ್ಯಸ್ಥಿಕೆಯಲ್ಲಿ ನಂಬಿಕೆ ಬರಲಿಲ್ಲ. ಇಬ್ಬರ ನಡುವೆ ನಿಂತವನಿಗೆ ಇಬ್ಬರಿಂದಲೂ ಬೈಗುಳ ಎಂಬುದು ನಮ್ಮ ಊರಿನ ಹಿರಿಯರಿಗೂ ಗೊತ್ತಿರುವ ಸತ್ಯ.

1952ರ ಫೆಬ್ರವರಿಯಲ್ಲಿ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಕೊರಿಯಾದ ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆಯನ್ನು ಬಿಡಿಸಲು ಎರಡೂ ಕಡೆಯವರು ಒಪ್ಪಿದ್ದು ಭಾರತದ ಅಧ್ಯಕ್ಷತೆಯನ್ನು. ಆ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಕೆ.ಎಸ್. ತಿಮ್ಮಯ್ಯನವರು. ಮೂರು ವರ್ಷಗಳ ಹಿಂದೆ ನಂಬಿಕೆಗೆ ಅನರ್ಹರೆನಿಸಿದ್ದವರೇ ಕೊನೆಗೆ ಇಬ್ಬರಿಗೂ ಬೇಕಾದರು. ಭಾರತದ ಯೋಧರು ಕೊರಿಯಾದಲ್ಲಿ ಆ ಕೈದಿಗಳನ್ನು ಕಾಯುತ್ತಿದ್ದಾಗಲೇ, 1953ರ ನವೆಂಬರ್ 30ರಂದು, ರಾಯರು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಕಣ್ಮುಚ್ಚಿದರು. ಅವರಿಗೆ ಆಗ 66 ವರ್ಷ.

ನಮ್ಮ ಕಾಲುವೆಯ ಬಳಿಗೆ

ಪವಿತ್ರ ಗ್ರಂಥದ ಆದಿಕಾಂಡದಲ್ಲಿ ಇಸಾಕನ ಬಾವಿಗಳ ಪ್ರಸಂಗವಿದೆ. ಅವನ ಆಳುಗಳು ತೋಡಿದ ಬಾವಿಯನ್ನು ಗೆರಾರಿನ ಕುರುಬರು ತಮ್ಮದೆಂದರು. ಅವನು ಇನ್ನೊಂದನ್ನು ತೋಡಿಸಿದ. ಅದಕ್ಕೂ ಜಗಳ ಬಂತು. ಮೂರನೆಯದಕ್ಕೆ ಯಾರೂ ಜಗಳ ತೆಗೆಯಲಿಲ್ಲ. ಅಂದಿನಿಂದ ಇಂದಿನವರೆಗೆ ನೀರಿನ ಜಗಳ ಮುಗಿದಿಲ್ಲ. ತಾಳ್ಮೆಯಿಂದ ಮತ್ತೊಮ್ಮೆ ತೋಡುವವರ ಅಗತ್ಯವೂ ಮುಗಿದಿಲ್ಲ.

ಆ ಎರಡು ತೋಟಗಳ ಕಥೆ ಏನಾಯಿತೆಂದು ನೀವು ಕೇಳಬಹುದು. ಒಂದು ವಾರದ ಬಳಿಕ ನಾನು ಮತ್ತೆ ಹೋದೆ. ಈ ಬಾರಿ ಯಾರ ಮನೆಯ ಜಗಲಿಯನ್ನೂ ಹತ್ತಲಿಲ್ಲ. ಎರಡೂ ಮನೆಯ ಹಿರಿಯರನ್ನು ಕರೆದುಕೊಂಡು ಕೆರೆಯ ತೂಬಿನಿಂದ ಕಾಲುವೆಯ ಕೊನೆಯವರೆಗೆ ನಡೆದೆವು. ನಡುದಾರಿಯಲ್ಲಿ ಒಂದು ಕಡೆ ಹೂಳು ತುಂಬಿ, ಜೊಂಡು ಬೆಳೆದು, ನೀರೆಲ್ಲ ಪಕ್ಕದ ಹಳ್ಳಕ್ಕೆ ಸೋರಿಹೋಗುತ್ತಿತ್ತು. ಮೇಲಿನವರು ಕದ್ದರೆಂದು ಕೆಳಗಿನವರೂ, ಕೆಳಗಿನವರು ಒಡೆದರೆಂದು ಮೇಲಿನವರೂ ಹೇಳುತ್ತಿದ್ದ ನೀರಿನಲ್ಲಿ ಒಂದು ಪಾಲು ಯಾರಿಗೂ ಸಿಗದೆ ಹೋಗುತ್ತಿತ್ತು. ಕಾಲುವೆಯನ್ನು ಒಟ್ಟಿಗೆ ನಡೆದು ಎಷ್ಟು ವರ್ಷಗಳಾಗಿದ್ದವೋ, ಇಬ್ಬರಿಗೂ ನೆನಪಿರಲಿಲ್ಲ. ಅಂದೇ ಜಗಳ ಮುಗಿಯಿತೆಂದು ಹೇಳಲಾರೆ. ಹೂಳೆತ್ತುವ ಖರ್ಚಿನ ಬಗ್ಗೆಯೇ ಮತ್ತೆರಡು ಸಲ ಮಾತು ಬೆಳೆಯಿತು. ಆದರೆ ಠಾಣೆಗೆ ಹೋಗಲಿಲ್ಲ. ನೀರಿಗೆ ಸರದಿ ಗೊತ್ತಾಯಿತು.

ಪ್ರಿಯರೇ, ಅಟ್ಟದ ಮೇಲಿಟ್ಟ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕೆಂಬುದು ನಿಮಗೆ ನಾನು ಹೇಳಬೇಕಾದುದಿಲ್ಲ. ಅವಸರದಿಂದ ಒಡೆದರೆ ಕೊಬ್ಬರಿ ಸಿಗದು. ಸಂಧಾನದ ಫಲವೂ ಹಾಗೆಯೇ. ರಾಯರ 1942ರ ವರದಿಯನ್ನು ಅಂದು ಯಾರೂ ಮೆಚ್ಚಲಿಲ್ಲ. ಅವರ ಕದನವಿರಾಮದ ಪ್ರಯತ್ನ ಅಂದು ಸೋತಿತು. ಮುಂದೆ ಬಂದವರು ಅದೇ ದಾರಿಯಲ್ಲಿ ನಡೆದರು. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ಧರ್ಮಕೇಂದ್ರದಲ್ಲಿ ಇಬ್ಬರ ನಡುವೆ ನಿಲ್ಲಬೇಕಾದ ಹೊಣೆ ನಿಮಗೆ ಬಂದಾಗ ಯಾರ ಎಳನೀರನ್ನೂ ಕುಡಿಯುವ ಮೊದಲು ಕಾಲುವೆಯನ್ನೊಮ್ಮೆ ಕೊನೆಯವರೆಗೆ ನಡೆದು ನೋಡಿರಿ. ಅದಕ್ಕೆ ಬೇಕಾದ ತಾಳ್ಮೆಯನ್ನೂ ಧೈರ್ಯವನ್ನೂ ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ.